‘ಗ್ರಂಥಾಲಯ ಎಂದಿನಂತೆ ತೆರೆದಿರುತ್ತದೆ’ ಎಂಬ ಸುತ್ತೋಲೆ ಹೊರಡಿಸುವ ಮುನ್ನ

ನಿಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯ ಕಟ್ಟಡದ ನವೀಕರಣಕ್ಕೆ ಹಣ ಮಂಜೂರಾಗಿದೆಯಾ? ಸಂತೋಷ. ಟೆಂಡರ್ ಕರೆಯುವ ಮೊದಲು ಇದನ್ನೊಮ್ಮೆ ಓದಿ. ಟೆಂಡರ್ ಆದ ಮೇಲೆ ಓದಿದರೆ ಜಾಸ್ತಿ ಉಪಯೋಗ ಇಲ್ಲ.

ನಾನು ರಾಜ್ಯದ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುವವನು. ಹೆಸರು ಬೇಡ. ನಮ್ಮದು ಮೂರು ಮಹಡಿಯ ಹಳೇ ಕಟ್ಟಡ. ವೈರಿಂಗ್ ಬದಲಾಯಿಸಬೇಕಿತ್ತು, ನೆಲ ಎದ್ದಿತ್ತು, ತಾರಸಿ ಸೋರುತ್ತಿತ್ತು. ಕೆಲಸ ಆಗಲೇಬೇಕಿತ್ತು, ಅದರ ಬಗ್ಗೆ ತಕರಾರಿಲ್ಲ. ಸಭೆಯಲ್ಲಿ ತೀರ್ಮಾನ ಆಗಿದ್ದು ಹೀಗೆ: ಕಾಮಗಾರಿ ಹಂತ ಹಂತವಾಗಿ ನಡೆಯುತ್ತದೆ, ಒಂದು ಮಹಡಿ ಮುಗಿದ ಮೇಲೆ ಇನ್ನೊಂದು, ವಿದ್ಯಾರ್ಥಿಗಳಿಗೆ ತೊಂದರೆಯಿಲ್ಲ. ಸುತ್ತೋಲೆಯೂ ಹೊರಟಿತು. ಆದರೆ ಈ ‘ಹಂತ ಹಂತವಾಗಿ’ ಎಂಬುದು ಸಭೆಯ ನಡಾವಳಿಯಲ್ಲಿ ಇತ್ತೇ ಹೊರತು ಟೆಂಡರ್ ದಾಖಲೆಯಲ್ಲಿ ಇರಲಿಲ್ಲ. ಸೇರಿಸಿ ಎಂದು ನಾವು ಪತ್ರ ಬರೆದೆವು. ಪತ್ರ ಕಡತ ಸೇರಿತು.

ಕಂಟ್ರಾಕ್ಟರ್ ಲೆಕ್ಕ ಬೇರೆ ಇರುತ್ತದೆ. ವೈರಿಂಗ್‌ನವರ ತಂಡ ಒಂದು ಸಲ ಬಂದರೆ ಮೂರೂ ಮಹಡಿಯ ಗೋಡೆ ಕೊರೆದು ಹೋಗಬೇಕು. ಟೈಲ್ಸ್‌ನವರೂ ಅಷ್ಟೇ. ಒಂದೊಂದು ಮಹಡಿಗೆ ಮತ್ತೆ ಮತ್ತೆ ಕರೆಸಿದರೆ ಕೂಲಿ ಏರುತ್ತದೆ. ಹಾಗಾಗಿ ಕೆಲಸ ಶುರುವಾದ ಸ್ವಲ್ಪ ದಿನಕ್ಕೇ ಮೂರೂ ಮಹಡಿ ಒಟ್ಟಿಗೆ ಬಿಚ್ಚಿಕೊಂಡಿತ್ತು. ಕೇಳಿದರೆ, ‘ಟೆಂಡರ್‌ನಲ್ಲಿ ಎಲ್ಲಿದೆ ತೋರಿಸಿ ಸಾರ್’ ಅಂದರು. ತೋರಿಸಲು ನಮ್ಮ ಹತ್ತಿರ ಏನೂ ಇರಲಿಲ್ಲ.

ಪುಸ್ತಕ ಸಾಗಿಸುವುದನ್ನೂ ಅದೇ ಟೆಂಡರ್‌ಗೆ ಸೇರಿಸಿದ್ದರು. ‘ಪೀಠೋಪಕರಣ ಮತ್ತು ಇತರ ವಸ್ತುಗಳ ಸ್ಥಳಾಂತರ’ ಅಂತ ಒಂದೇ ಸಾಲು. ಮೇಜು, ಕುರ್ಚಿ, ಪುಸ್ತಕ ಎಲ್ಲಾ ಅದರೊಳಗೇ. ದಯವಿಟ್ಟು ಇದೊಂದನ್ನು ಆಗಲು ಬಿಡಬೇಡಿ. ನಾವು ಬೆಳಿಗ್ಗೆ ಬಾಗಿಲು ತೆರೆಯುವಷ್ಟರಲ್ಲಿ ಕನ್ನಡ ಸಾಹಿತ್ಯದ ಸ್ಟ್ಯಾಕ್, ಅಂದರೆ ಪುಸ್ತಕದ ರ‍್ಯಾಕ್‌ಗಳ ಸಾಲು, ಅರ್ಧ ಖಾಲಿ. ಮೇಸ್ತ್ರಿ ಖುಷಿಯಲ್ಲಿದ್ದ. ‘ನೋಡಿ ಸಾರ್, ದೊಡ್ಡದು ದೊಡ್ಡದಕ್ಕೆ, ಸಣ್ಣದು ಸಣ್ಣದಕ್ಕೆ ಸೇರಿಸಿ ಗಂಟು ಕಟ್ಟಿದೀವಿ. ಎಷ್ಟು ನೀಟಾಗಿದೆ!’ ನಿಜ, ಬಹಳ ನೀಟಾಗಿತ್ತು. ಕನ್ನಡ ಸಾಹಿತ್ಯದ ವರ್ಗೀಕರಣ ಸಂಖ್ಯೆ 894.814ರಲ್ಲಿ ಸಾಲಾಗಿ ಇರಬೇಕಾದ ಕಾವ್ಯ, ನಾಟಕ, ಕಾದಂಬರಿ ಎಲ್ಲಾ ಅಳತೆಯ ಪ್ರಕಾರ ಕಲಸಿಹೋಗಿದ್ದವು. ಪಕ್ಕದ ಸಾಲಿನ ಇತಿಹಾಸದ ಪುಸ್ತಕಗಳೂ ಅಳತೆ ಸರಿಹೊಂದಿತು ಅಂತ ಅದೇ ಗಂಟು ಸೇರಿದ್ದವು. ಗಂಟಿನ ಮೇಲೆ ಸೀಮೆಸುಣ್ಣದಲ್ಲಿ ‘ಕನ್ನಡ’ ಅಂತ ಬರೆದಿತ್ತು, ಅಷ್ಟೇ. ಸುತಲಿ ಎಷ್ಟು ಬಿಗಿಯಾಗಿತ್ತೆಂದರೆ ರಟ್ಟಿನ ಅಂಚಿನಲ್ಲಿ ಹಳ್ಳ ಬಿದ್ದಿತ್ತು. ಅದು ಉಜ್ಜಿದ ಕಡೆಯಲ್ಲೆಲ್ಲ ಬೆನ್ನಿನ ಲೇಬಲ್ ಕಿತ್ತು ಬಂದಿತ್ತು.

ಆ ಮೇಸ್ತ್ರಿಯನ್ನು ಬೈಯುವುದರಲ್ಲಿ ಅರ್ಥವಿಲ್ಲ. ಅವನಿಗೆ ಯಾರೂ ಹೇಳಿರಲಿಲ್ಲ. ಲೇಬಲ್ ಮೇಲಿನ ನಂಬರ್ ಹಿಡಿದು ಒಂದರ ಪಕ್ಕ ಒಂದು ನಿಲ್ಲುವುದರಿಂದಲೇ ಪುಸ್ತಕ ಕೈಗೆ ಸಿಗುತ್ತದೆ ಅಂತ ಎಸ್ಟಿಮೇಟ್ ಹಾಕಿದ ಎಂಜಿನಿಯರ್‌ಗೇ ಗೊತ್ತಿರಲಿಲ್ಲ. ಸಾಲು ತಪ್ಪಿದ ಪುಸ್ತಕ ಕಟ್ಟಡದೊಳಗೇ ಇದ್ದರೂ ಕಳೆದುಹೋದ ಹಾಗೆಯೇ. ಗ್ರಂಥಾಲಯದ ತಂತ್ರಾಂಶ ಕೋಹಾದಲ್ಲಿ ಹುಡುಕಿದರೆ ‘ಲಭ್ಯವಿದೆ’ ಅನ್ನುತ್ತದೆ. ವಿದ್ಯಾರ್ಥಿ ಬಂದು ಕೇಳುತ್ತಾನೆ. ನಾವು ಗಂಟುಗಳ ರಾಶಿ ಕಡೆ ಕೈ ತೋರಿಸಬೇಕು.

ಸರಿಯಾದ ದಾರಿ ಕಷ್ಟದ್ದೇನಲ್ಲ. ಸ್ಟ್ಯಾಕ್‌ನಲ್ಲಿರುವ ಕ್ರಮದಲ್ಲೇ ರಟ್ಟಿನ ಪೆಟ್ಟಿಗೆಗೆ ತುಂಬಬೇಕು. ಪೆಟ್ಟಿಗೆಗೆ ಕ್ರಮಸಂಖ್ಯೆ, ಮೊದಲ ಮತ್ತು ಕೊನೆಯ ಪುಸ್ತಕದ ಕಾಲ್ ನಂಬರ್ (ಬೆನ್ನಿನ ಲೇಬಲ್ ಮೇಲಿನ ನಂಬರ್), ಯಾವ ರ‍್ಯಾಕ್‌ನದು ಅಂತ ಒಂದು ಚೀಟಿ. ತುಂಬುವಾಗಲೇ ಬಾರ್‌ಕೋಡ್ ಸ್ಕ್ಯಾನ್ ಮಾಡಿಕೊಂಡರೆ ಕೋಹಾದ ಬ್ಯಾಚ್ ಐಟಂ ಮಾಡಿಫಿಕೇಶನ್‌ನಲ್ಲಿ ಇಡೀ ಪೆಟ್ಟಿಗೆಯ ಪುಸ್ತಕಗಳ ಲೊಕೇಶನ್ ಒಂದೇ ಸಲಕ್ಕೆ ಬದಲಾಗುತ್ತದೆ. ಆಗ ಹುಡುಕಿದವರಿಗೆ ಪುಸ್ತಕ ಎಲ್ಲಿದೆ ಎಂಬ ನಿಜವಾದ ಉತ್ತರವೇ ಸಿಗುತ್ತದೆ. ಇದನ್ನು ಗ್ರಂಥಾಲಯದ ಸಿಬ್ಬಂದಿಯ ಕಣ್ಣೆದುರೇ ಮಾಡಬೇಕು, ಇದಕ್ಕೆ ಬೇರೆ ಹಣ ಇಡಬೇಕು. ನಮ್ಮಲ್ಲಿ ಅರ್ಧ ಕೆಲಸ ಕೆಟ್ಟ ಮೇಲೆ ಉಳಿದರ್ಧಕ್ಕೆ ಇದನ್ನು ಮಾಡಿದೆವು. ಆ ಉಳಿದರ್ಧ ವಾಪಸ್ ಜೋಡಿಸುವುದು ಸಲೀಸಾಯಿತು. ಗಂಟು ಕಟ್ಟಿದವು ಇನ್ನೂ ಪೂರ್ತಿ ಜಾಗಕ್ಕೆ ಬಂದಿಲ್ಲ.

ಇನ್ನೊಂದು ವಿಷಯ, ಭಾರ. ಗಂಟುಗಳನ್ನು ಪಕ್ಕದ ಬ್ಲಾಕ್‌ನ ಎರಡನೇ ಮಹಡಿಯ ಖಾಲಿ ಕ್ಲಾಸ್‌ರೂಮುಗಳಲ್ಲಿ ಎದೆಯೆತ್ತರ ಪೇರಿಸಿದರು. ಸಿವಿಲ್ ವಿಭಾಗದ ಪ್ರಾಧ್ಯಾಪಕರೊಬ್ಬರು ಅಕಸ್ಮಾತ್ ಆ ಕಡೆ ಬಂದವರು ನೋಡಿ ಗಾಬರಿಯಾದರು. ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗದ ಪ್ರಕಾರ ಕ್ಲಾಸ್‌ರೂಮಿನ ನೆಲವನ್ನು ಚದರ ಮೀಟರ್‌ಗೆ 3 ಕಿಲೋನ್ಯೂಟನ್, ಅಂದರೆ ಸುಮಾರು 300 ಕೆ.ಜಿ. ಭಾರಕ್ಕೆ ವಿನ್ಯಾಸ ಮಾಡುತ್ತಾರೆ. ಪುಸ್ತಕದ ಸ್ಟ್ಯಾಕ್ ರೂಮಿಗೆ ಕಡಿಮೆಯೆಂದರೂ ಅದರ ಎರಡರಷ್ಟು, 6 ಕಿಲೋನ್ಯೂಟನ್. ಒಂದು ಮೀಟರ್ ಉದ್ದದ ಸಾಲು ಪುಸ್ತಕವೇ ಹೆಚ್ಚುಕಮ್ಮಿ 30 ಕೆ.ಜಿ. ತೂಗುತ್ತದೆ. ಎದೆಯೆತ್ತರ ಒತ್ತಿ ಪೇರಿಸಿದರೆ ಕ್ಲಾಸ್‌ರೂಮಿನ ಮಿತಿ ಎಂದೋ ದಾಟಿರುತ್ತದೆ. ಸರಿ, ಎಲ್ಲಾ ಇಳಿಸಿ ನೆಲಮಹಡಿಗೆ. ಮತ್ತೊಂದು ಸಲ ಎತ್ತಿ ಇಳಿಸಿದ್ದು, ಮತ್ತಷ್ಟು ಲೇಬಲ್ ಹೋಗಿದ್ದು.

ಹಾಗಂತ ಬೇಸ್‌ಮೆಂಟ್ ಇದೆಯಲ್ಲ, ಭಾರದ ಚಿಂತೆಯಿಲ್ಲ ಅಂತ ಅಲ್ಲಿಗೆ ತುಂಬಬೇಡಿ. ಅಮೆರಿಕದ ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿಯ ಮಾರ್ಗನ್ ಲೈಬ್ರರಿಯಲ್ಲಿ ನವೀಕರಣ ನಡೆದಿದ್ದ ಸಮಯದಲ್ಲೇ, 1997ರ ಜುಲೈ 28ರ ರಾತ್ರಿ, ಪ್ರವಾಹದ ನೀರು ಬೇಸ್‌ಮೆಂಟ್‌ಗೆ ನುಗ್ಗಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಸಂಪುಟಗಳು ನೆನೆದವು. ಅವುಗಳನ್ನು ಹೆಪ್ಪುಗಟ್ಟಿಸಿ, ಆಮೇಲೆ ಒಣಗಿಸಿ ಉಳಿಸಿಕೊಳ್ಳುವ ವ್ಯವಸ್ಥೆ ಅವರಿಗೆ ಇತ್ತು. ನಮಗೆ ಎಲ್ಲಿದೆ?

ನಮ್ಮಲ್ಲಿ ನೀರು ಮೇಲಿನಿಂದ ಬಂತು. ಬೇಸಿಗೆಯಲ್ಲಿ ತಾರಸಿಯ ಹಳೇ ಸುರ್ಕಿ (ಇಟ್ಟಿಗೆ ಪುಡಿ, ಸುಣ್ಣದ ಗಾರೆ) ಕಿತ್ತರು. ಮಾರ್ಚ್ 31ರ ಒಳಗೆ ಹಣ ಖರ್ಚಾಗಬೇಕಲ್ಲ, ಕಿತ್ತ ಕೆಲಸದ ಬಿಲ್ ಬೇಗ ಪಾಸಾಯಿತು. ಹೊಸದಾಗಿ ವಾಟರ್‌ಪ್ರೂಫಿಂಗ್ ಮಾಡುವ ಕೆಲಸ ಮಾತ್ರ ಮೇ ಮುಗಿದರೂ ಶುರುವಾಗಲಿಲ್ಲ. ಮೇಲಿನ ಮಹಡಿಯಲ್ಲಿ ಬೈಂಡ್ ಮಾಡಿದ ಹಳೇ ಜರ್ನಲ್‌ಗಳಿದ್ದವು. ‘ಭಾರ ಜಾಸ್ತಿ, ಅಲ್ಲೇ ಇರಲಿ’ ಅಂತ ಟಾರ್ಪಾಲಿನ್ ಹೊದಿಸಿದ್ದರು. ಜೂನ್ ಮಳೆ ಬಂತು. ಟಾರ್ಪಾಲಿನ್ ಮಧ್ಯೆ ತಗ್ಗಾಗಿ ನೀರು ನಿಂತು, ಒಂದು ಮೂಲೆಯಿಂದ ನೇರವಾಗಿ ರ‍್ಯಾಕ್ ಒಳಗೆ ಸುರಿಯಿತು. ಶನಿವಾರ, ಭಾನುವಾರ ಯಾರೂ ಬಾಗಿಲು ತೆಗೆಯಲಿಲ್ಲ. ಬೀಗದ ಕೈ ಕಂಟ್ರಾಕ್ಟರ್ ಬಳಿ ಇತ್ತು.

ಒದ್ದೆ ಕಾಗದಕ್ಕೆ ನಮ್ಮ ಸೆಖೆಯಲ್ಲಿ ಬೂಷ್ಟು ಹಿಡಿಯಲು ಎರಡು ದಿನ ಸಾಕು. ಸೋಮವಾರ ಟಾರ್ಪಾಲಿನ್ ಎತ್ತಿದಾಗ ರಟ್ಟಿನ ಮೇಲೆ ಬಿಳಿ, ಹಸಿರು ಚುಕ್ಕೆ ಕಾಣುತ್ತಿತ್ತು. ಸಾದಾ ಕಾಗದದವು ಹೇಗೋ ಬಚಾವಾದವು. ಚಿತ್ರಗಳಿದ್ದ ನುಣುಪು ಕಾಗದದ ಜರ್ನಲ್‌ಗಳದ್ದೇ ಕಥೆ. ಅಂಥ ಕಾಗದದ ಲೇಪ ನೆನೆದು ಅಂಟಾಗುತ್ತದೆ, ಒಣಗಿದರೆ ಇಡೀ ಸಂಪುಟ ಒಂದೇ ಹಲಗೆ. ಹಾಳೆ ಬಿಡಿಸಲು ಹೋದರೆ ಅಕ್ಷರ ಪಕ್ಕದ ಹಾಳೆಗೆ ಅಂಟಿಕೊಂಡು ಬರುತ್ತದೆ. ‘ಬಿಸಿಲಿಗೆ ಹರಡಿ’ ಅಂತ ಮೇಲಿನಿಂದ ಸಲಹೆ ಬಂತು. ಮಾಡಬೇಡಿ. ಬಿಸಿಲಿಗೆ ರಟ್ಟು ಸೊಟ್ಟಗಾಗುತ್ತದೆ, ಕಾಗದ ಕೆಡುತ್ತದೆ. ನೆರಳಲ್ಲಿ ಫ್ಯಾನ್ ಹಾಕಿ, ಹಾಳೆಗಳ ನಡುವೆ ಮುದ್ರಣವಿಲ್ಲದ ನ್ಯೂಸ್‌ಪ್ರಿಂಟ್ ಇಟ್ಟು, ಅದು ಒದ್ದೆಯಾದಂತೆ ಬದಲಾಯಿಸುತ್ತಿರಬೇಕು. ಬೂಷ್ಟು ಹಿಡಿದಿದ್ದನ್ನು ಬೇರೆ ಕೋಣೆಯಲ್ಲಿಡಬೇಕು, ಮಾಸ್ಕ್ ಹಾಕಿಕೊಂಡೇ ಮುಟ್ಟಬೇಕು.

ಇಷ್ಟೆಲ್ಲದರ ನಡುವೆ ‘ತೆರೆದಿದೆ’ ಎಂಬ ಬೋರ್ಡ್ ಮಾತ್ರ ಬಾಗಿಲಲ್ಲಿ ನೇತಾಡುತ್ತಿತ್ತು. ಒಳಗೆ ಬ್ರೇಕರ್ ಸದ್ದು, ಟೈಲ್ಸ್ ಕತ್ತರಿಸುವ ಧೂಳು. ಕೆಪಿಎಸ್‌ಸಿ, ಕೆ-ಸೆಟ್ ಪರೀಕ್ಷೆಗಳಿಗೆ ಓದುವ ಹುಡುಗರು ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದರು, ಪಾಪ. ಅದಕ್ಕಿಂತ ಒಂದು ಹಾಸ್ಟೆಲ್ ಹಾಲ್ ಪಡೆದು ಓದುವ ಜಾಗ ಮತ್ತು ಪಠ್ಯಪುಸ್ತಕದ ಕೌಂಟರ್ ಅಲ್ಲಿಗೆ ಹಾಕಿ, ಕಟ್ಟಡಕ್ಕೆ ಬೀಗ ಹಾಕುವುದೇ ವಾಸಿ.

ಇ-ಜರ್ನಲ್ ಇದೆಯಲ್ಲ ಅಂತ ಸಮಾಧಾನ ಪಟ್ಟುಕೊಳ್ಳುವವರಿಗೂ ಒಂದು ಮಾತು. ಕೇಂದ್ರ ಸರ್ಕಾರದ ಇ-ಜರ್ನಲ್ ಯೋಜನೆ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಆಗಲಿ, ಬೇರೆ ಚಂದಾ ಆಗಲಿ, ಸಾಮಾನ್ಯವಾಗಿ ಕ್ಯಾಂಪಸ್‌ನ ಐಪಿ ವಿಳಾಸ ನೋಡಿಯೇ ಬಾಗಿಲು ತೆಗೆಯುವುದು. ನಮ್ಮ ಸರ್ವರ್ ಮತ್ತು ನೆಟ್‌ವರ್ಕ್ ರ‍್ಯಾಕ್ ಗ್ರಂಥಾಲಯದಲ್ಲೇ ಇತ್ತು. ವೈರಿಂಗ್‌ನವರು ವಿದ್ಯುತ್ ತೆಗೆದರು, ಕೋಹಾ ಮಲಗಿತು. ತಾತ್ಕಾಲಿಕವಾಗಿ ಬೇರೆ ಲೈನ್ ಕೊಟ್ಟರು, ಐಪಿ ಬದಲಾಯಿತು, ಜರ್ನಲ್‌ಗಳು ನಮ್ಮನ್ನು ಗುರುತಿಸಲಿಲ್ಲ. ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಪುಸ್ತಕವೂ ಇಲ್ಲ, ಪ್ರಬಂಧವೂ ಇಲ್ಲ. ಸರ್ವರ್ ಅನ್ನು ಮೊದಲೇ ಬೇರೆ ಕಟ್ಟಡಕ್ಕೆ ಸಾಗಿಸಿ. ಹೊಸ ಐಪಿಯನ್ನು ಮುಂಚೆಯೇ ನೋಂದಾಯಿಸಿ. ವಿಶ್ವವಿದ್ಯಾಲಯ ಗ್ರಂಥಾಲಯಗಳ ಜಾಲ ನೋಡಿಕೊಳ್ಳುವ ಇನ್‌ಫ್ಲಿಬ್‌ನೆಟ್ ಸಂಸ್ಥೆಯ ಲಾಗಿನ್ ಸೇವೆ ಇನ್‌ಫೆಡ್ ಮೂಲಕ ಮನೆಯಿಂದಲೇ ಲಾಗಿನ್ ಆಗುವ ವ್ಯವಸ್ಥೆಯನ್ನೂ ಮಾಡಿಸಿಟ್ಟುಕೊಳ್ಳಿ.

ವೆಲ್ಡಿಂಗ್, ಗ್ಯಾಸ್ ಕಟರ್ ಕೆಲಸಕ್ಕೆ ಗ್ರಂಥಾಲಯದ ಅನುಮತಿ ಚೀಟಿ ಕಡ್ಡಾಯ ಮಾಡಿ. ಸಂಜೆ ಕೆಲಸ ನಿಂತ ಮೇಲೆ ಒಬ್ಬರು ಸುತ್ತು ಹಾಕಿ ನೋಡಲಿ. ಸ್ಕಾಟ್ಲೆಂಡಿನ ಗ್ಲ್ಯಾಸ್ಗೋ ಸ್ಕೂಲ್ ಆಫ್ ಆರ್ಟ್‌ನ ಪ್ರಸಿದ್ಧ ಕಟ್ಟಡ 2014ರಲ್ಲಿ ಬೆಂಕಿಗೆ ಸಿಕ್ಕಿ ತನ್ನ ಗ್ರಂಥಾಲಯ ಕಳೆದುಕೊಂಡಿತು. ಅದರ ದುರಸ್ತಿ ನಡೆಯುತ್ತಿದ್ದಾಗಲೇ 2018ರ ಜೂನ್‌ನಲ್ಲಿ ಮತ್ತೆ ಹೊತ್ತಿ ಉರಿಯಿತು.

ಕೊನೆಗೆ ಆಡಿಟ್. ಕಾಣೆಯಾದ ಪುಸ್ತಕದ ಪಟ್ಟಿ ಕೊಟ್ಟಾಗ ಕೆಲವರು ‘ಸಾವಿರಕ್ಕೆ ಐದು ಹೋಗಬಹುದು ಅಂತ ನಿಯಮವೇ ಇದೆಯಲ್ಲ’ ಅಂದರು. ಕೇಂದ್ರದ ಸಾಮಾನ್ಯ ಹಣಕಾಸು ನಿಯಮ 2017ರಲ್ಲಿ ಆ ರಿಯಾಯಿತಿ ಇರುವುದು ಓದುಗರು ಬಳಸಿದ ಪುಸ್ತಕಕ್ಕೆ, ಅದೂ ನಿರ್ಲಕ್ಷ್ಯ ಅಥವಾ ಅಪ್ರಾಮಾಣಿಕತೆಯಿಂದ ಹೋಗಿರದಿದ್ದರೆ. ಸಾವಿರ ರೂಪಾಯಿಗಿಂತ ಹೆಚ್ಚಿನ ಬೆಲೆಯದ್ದು ಅಥವಾ ಅಪರೂಪದ್ದು ಕಳೆದರೆ ತನಿಖೆ ಆಗಲೇಬೇಕು. ವಿವರಣೆ ಕೇಳುವ ನೋಟಿಸ್ ಬಂದಿದ್ದು ಗ್ರಂಥಾಲಯಕ್ಕೆ, ಎಂಜಿನಿಯರಿಂಗ್ ವಿಭಾಗಕ್ಕಲ್ಲ. ಹಾಗಾಗಿ ಸಾಗಿಸುವ ಮೊದಲು ಪೂರ್ತಿ ಸ್ಟಾಕ್ ಪರಿಶೀಲನೆ ಮಾಡಿ, ಪಟ್ಟಿಗೆ ಕಂಟ್ರಾಕ್ಟರ್ ಸಹಿ ಪಡೆಯಿರಿ. ಮೊದಲ ಮಳೆಗಾಲ ಮುಗಿದು, ತಾರಸಿ ಸೋರಲಿಲ್ಲ ಅಂತ ನೀವು ಬರೆದುಕೊಡುವವರೆಗೂ ಅವರ ಭದ್ರತಾ ಠೇವಣಿ ಬಿಡಬಾರದು ಎಂಬ ಷರತ್ತನ್ನು ಟೆಂಡರ್‌ನಲ್ಲೇ ಹಾಕಿಸಿ.