ಪೈಥಾನ್ ಫೈಲನ್ನು ಸಿ ಕೋಡಿನ ಕೈಗೆ ಕೊಡುವ ದಾರಿಗಳು: ಬಳಸಿ ನೋಡಿದ ಮೇಲೆ ಒಂದು ಹೋಲಿಕೆ

ಪೈಥಾನ್ 2ರಲ್ಲಿ ಈ ತಲೆನೋವೇ ಇರಲಿಲ್ಲ. ಫೈಲ್ ಆಬ್ಜೆಕ್ಟಿನ ಹೊಟ್ಟೆಯೊಳಗೇ ಸಿ ಭಾಷೆಯ ಫೈಲ್ ಪಾಯಿಂಟರ್ ಕೂತಿರುತ್ತಿತ್ತು. ಪೈಫೈಲ್_ಆ್ಯಸ್‌ಫೈಲ್ ಅಂತ ಒಂದು ಕರೆ ಮಾಡಿದರೆ ಸಾಕು, ಅದು ಕೈಗೆ ಬರುತ್ತಿತ್ತು. ಪೈಥಾನ್ 3ಕ್ಕೆ ಬರುವಾಗ ಪೆಪ್ 3116 ಎಂಬ ಅಧಿಕೃತ ಪ್ರಸ್ತಾವದ ಪ್ರಕಾರ ಐಒ ಮಾಡ್ಯೂಲನ್ನೇ ಹೊಸದಾಗಿ ಕಟ್ಟಿದರು. ಆ ಪಾಯಿಂಟರಿನ ಹಿಂದಿದ್ದ ಸಿ ಲೈಬ್ರರಿಯ ಸ್ಟ್ರೀಮನ್ನು ಪೂರ್ತಿ ಕೈಬಿಟ್ಟರು. ಕೆಳಗೆ ಬರೀ ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲಿಗೆ ಆಪರೇಟಿಂಗ್ ಸಿಸ್ಟಮ್ ಕೊಡುವ ನಂಬರು), ಅದರ ಮೇಲೆ ಪೈಥಾನಿನದೇ ಬಫರ್ (ಡೇಟಾ ತಾತ್ಕಾಲಿಕವಾಗಿ ಕೂಡಿಡುವ ಜಾಗ), ಅದರ ಮೇಲೆ ಅಕ್ಷರಗಳನ್ನು ನೋಡಿಕೊಳ್ಳುವ ಇನ್ನೊಂದು ಪದರ. ಆ ಹಳೆಯ ಕರೆ ಹೋಯಿತು, ಅದರ ಜಾಗದಲ್ಲಿ ಒಂದೇ ಸರಿಯಾದ ಉತ್ತರ ಅಂತ ಏನೂ ಬರಲಿಲ್ಲ.

ನನ್ನ ಕೆಲಸ ಇಷ್ಟೇ. ಬೈನರಿ ರೆಕಾರ್ಡುಗಳನ್ನು ಓದಿ ಬರೆಯುವ, ಸಿಯಲ್ಲಿ ಬರೆದು ಪೈಥಾನಿಗೆ ಸೇರಿಸುವ ಒಂದು ಎಕ್ಸ್‌ಟೆನ್ಷನ್ ಮಾಡ್ಯೂಲ್. ಬಳಸುವವರು ಓಪನ್ ಮಾಡಿದ ಫೈಲ್ ಕೊಡುತ್ತಾರೆ, ಉಳಿದದ್ದು ಸಿ ನೋಡಿಕೊಳ್ಳಬೇಕು. ಅದೇ ಮಾಡ್ಯೂಲಿನಲ್ಲಿ ಮೂರು ದಾರಿಗಳನ್ನೂ ಹಾಕಿ ನೋಡಿದೆ.

ಮೊದಲನೆಯದು ಪೈಫೈಲ್ ಹೆಸರಿನಲ್ಲೇ ಉಳಿದಿರುವ ಪುಟ್ಟ ಫಂಕ್ಷನ್‌ಗಳು: ಗೆಟ್‌ಲೈನ್, ರೈಟ್‌ಆಬ್ಜೆಕ್ಟ್, ರೈಟ್‌ಸ್ಟ್ರಿಂಗ್. ಹೆಸರು ನೋಡಿ ಇದೇ ಅಧಿಕೃತ ದಾರಿ ಅನ್ನಿಸುತ್ತದೆ, ಅಲ್ವಾ? ಹಳೆ ಕೋಡ್ ಹೇಗೋ ನಡೆಯಲಿ ಅಂತ ಇಟ್ಟಿರುವ ಅನುಕರಣೆ ಅದು, ಡಾಕ್ಯುಮೆಂಟೇಶನ್ನೇ ಹಾಗೆ ಹೇಳುತ್ತದೆ. ರೈಟ್‌ಸ್ಟ್ರಿಂಗ್ ನೀವು ಕೊಟ್ಟದ್ದನ್ನು ಯುಟಿಎಫ್-8 ಅಂತ ತಿಳಿದು ಸ್ಟ್ರಿಂಗ್ ಮಾಡಿ ಬರೆಯುತ್ತದೆ, ಹಾಗಾಗಿ ಬೈನರಿ ಫೈಲ್ ಕೊಟ್ಟರೆ ಟೈಪ್‌ಎರರ್. ನಡುವೆ ಸೊನ್ನೆ ಬೈಟ್ ಬಂದರೆ ಅಲ್ಲಿಗೇ ಮುಗಿಯಿತು. ಇನ್ನೊಂದು ವಿಷಯ ಸೋರ್ಸ್ ತೆಗೆದು ನೋಡಿದ ಮೇಲೆ ಗೊತ್ತಾಯಿತು: ಆಗಲೇ ಒಂದು ಎಕ್ಸೆಪ್ಷನ್ ಬಾಕಿ ಇದ್ದರೆ ಇದು ಏನೂ ಬರೆಯದೆ ಸುಮ್ನೆ -1 ಕೊಟ್ಟು ವಾಪಸ್ ಬರುತ್ತದೆ. ಅಂದರೆ ದೋಷ ಆದಾಗ ಒಂದು ಸಾಲು ಬರೆಯೋಣ ಅಂದುಕೊಂಡರೆ ಸರಿಯಾಗಿ ಆಗಲೇ ಕೈಕೊಡುತ್ತದೆ. ಗೆಟ್‌ಲೈನ್‌ಗೆ ಋಣ ಸಂಖ್ಯೆ ಕೊಟ್ಟರೆ ಸಾಲಿನ ಕೊನೆಯ ನ್ಯೂಲೈನ್ ತೆಗೆದುಕೊಡುತ್ತದೆ, ಫೈಲ್ ಮುಗಿದಿದ್ದರೆ ಇಒಎಫ್‌ಎರರ್ ಎಸೆಯುತ್ತದೆ. ಸೊನ್ನೆ ಕೊಟ್ಟರೆ ಎರಡೂ ಇಲ್ಲ. ಒಂದೆರಡು ಸಾಲು ಪಠ್ಯ ಬರೆಯುವುದಕ್ಕೆ ಇವು ಓಕೆ, ನನ್ನ ರೆಕಾರ್ಡುಗಳಿಗೆ ಅಲ್ಲ.

ಎರಡನೆಯದು ಎಲ್ಲರಿಗೂ ಆಸೆ ಹುಟ್ಟಿಸುವ ದಾರಿ. ಪೈಆಬ್ಜೆಕ್ಟ್_ಆ್ಯಸ್‌ಫೈಲ್‌ಡಿಸ್ಕ್ರಿಪ್ಟರ್ ಕರೆದು ಡಿಸ್ಕ್ರಿಪ್ಟರ್ ತೆಗೆದುಕೊಳ್ಳುವುದು, ಅದನ್ನು ಎಫ್‌ಡಿಓಪನ್‌ಗೆ ಕೊಟ್ಟು ಸಿ ಸ್ಟ್ರೀಮ್ ಮಾಡಿಕೊಳ್ಳುವುದು. ಒಮ್ಮೆ ಸ್ಟ್ರೀಮ್ ಸಿಕ್ಕಿತೆಂದರೆ ಪೈಥಾನಿನ ಹಂಗಿಲ್ಲ. ಜಿಐಎಲ್ (ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ನಡೆಸುವಂತೆ ಮಾಡುವ ಬೀಗ) ಬಿಟ್ಟುಕೊಟ್ಟು ಗಂಟೆಗಟ್ಟಲೆ ಓದಬಹುದು, ಬೇರೆ ಥ್ರೆಡ್‌ಗಳು ತಮ್ಮ ಪಾಡಿಗೆ ಓಡುತ್ತವೆ. ವೇಗದಲ್ಲಿ ಇದನ್ನು ಮೀರಿಸುವುದು ಕಷ್ಟ.

ಆದರೆ ಒಂದೇ ಫೈಲಿಗೆ ಈಗ ಇಬ್ಬರು ಯಜಮಾನರು, ಇಬ್ಬರ ಹತ್ತಿರವೂ ಬೇರೆ ಬೇರೆ ಬಫರ್. ಉದಾಹರಣೆ ನೋಡಿ. ಬಳಸುವವರು ಬೈನರಿ ಮೋಡಿನಲ್ಲಿ ಫೈಲ್ ತೆರೆದು, ರೀಡ್‌ಲೈನ್ ಮಾಡಿ ಮೊದಲ ಸಾಲಿನ ಹೆಡರ್ ಓದಿ, ಉಳಿದದ್ದನ್ನು ನೀನು ಓದು ಅಂತ ನನ್ನ ಮಾಡ್ಯೂಲಿಗೆ ಕೊಡುತ್ತಾರೆ. ಅವರು ಓದಿದ್ದು ನಲವತ್ತೋ ಐವತ್ತೋ ಬೈಟ್. ಪೈಥಾನ್ ಒಳಗೊಳಗೇ ಎಳೆದುಕೊಂಡಿದ್ದು ಸಾಮಾನ್ಯವಾಗಿ 4096 ಅಥವಾ 8192 ಬೈಟ್, ಹೊಸ ಆವೃತ್ತಿಗಳಲ್ಲಿ ಇನ್ನೂ ಜಾಸ್ತಿ. ಆಪರೇಟಿಂಗ್ ಸಿಸ್ಟಮಿನ ಲೆಕ್ಕದಲ್ಲಿ ಫೈಲ್ ಅಷ್ಟು ಮುಂದೆ ಹೋಗಿಬಿಟ್ಟಿದೆ, ಸಿ ಸ್ಟ್ರೀಮ್ ಅಲ್ಲಿಂದ ಶುರು ಮಾಡುತ್ತದೆ. ದೊಡ್ಡ ಫೈಲಾದರೆ ಮೊದಲ ನೂರಾರು ರೆಕಾರ್ಡುಗಳು ಮಾಯ. ಚಿಕ್ಕ ಫೈಲಾದರೆ ಸಿ ಪ್ರಕಾರ ಫೈಲ್ ಮುಗಿದೇ ಹೋಗಿದೆ, ಯಾವ ದೋಷವೂ ಇಲ್ಲದೆ ಖಾಲಿ ಪಟ್ಟಿ ಬರುತ್ತದೆ. ಬರೆಯುವಾಗ ಇದರ ಉಲ್ಟಾ: ಫ್ಲಶ್ ಮಾಡದಿದ್ದರೆ (ಬಫರಿನಲ್ಲಿರುವುದನ್ನು ಫೈಲಿಗೆ ಹೊರಹಾಕದಿದ್ದರೆ) ಪೈಥಾನ್ ಬರೆದ ಹೆಡರ್ ನಿಮ್ಮ ಡೇಟಾದ ಹಿಂದೆ ಹೋಗಿ ಕೂರುತ್ತದೆ.

ಇದನ್ನು ಸರಿಯಾಗಿ ಮಾಡಬೇಕೆಂದರೆ ಒಂದು ಪೂಜಾವಿಧಿಯೇ ಇದೆ. ಮೊದಲು ಫ್ಲಶ್. ಆಮೇಲೆ ಡಿಸ್ಕ್ರಿಪ್ಟರನ್ನು ಡಪ್ ಮಾಡಬೇಕು, ಅಂದರೆ ಅದೇ ಫೈಲಿಗೆ ಇನ್ನೊಂದು ನಂಬರು ಪಡೆಯಬೇಕು; ಇಲ್ಲವಾದರೆ ನಿಮ್ಮ ಎಫ್‌ಕ್ಲೋಸ್ ಪೈಥಾನಿನ ಫೈಲನ್ನೂ ಮುಚ್ಚುತ್ತದೆ, ಅದೇ ನಂಬರು ಅಷ್ಟರಲ್ಲಿ ಬೇರೆ ಫೈಲಿಗೆ ಹೋಗಿದ್ದರೆ ಆಮೇಲೆ ಪೈಥಾನ್ ಆ ಬಡಪಾಯಿಯನ್ನು ಮುಚ್ಚುತ್ತದೆ. ಡಪ್ ಮಾಡಿದರೂ ಫೈಲಿನ ಸ್ಥಾನ ಎರಡಕ್ಕೂ ಒಂದೇ, ಅದನ್ನು ಮರೆಯುವಂತಿಲ್ಲ. ಹಾಗಾಗಿ ಎಲ್ಲಿದ್ದೇವೆ ಅಂತ ಪೈಥಾನಿನ ಟೆಲ್ ಕೇಳಿ, ಎಫ್‌ಸೀಕ್ ಮಾಡಿ ಸಿ ಸ್ಟ್ರೀಮನ್ನು ಅಲ್ಲಿಗೆ ಸರಿಸಬೇಕು. ಕೆಲಸ ಮುಗಿದ ಮೇಲೆ ಎಲ್ಲಿ ನಿಂತೆವು ಅಂತ ಗುರುತು ಹಾಕಿಕೊಂಡು ಮುಚ್ಚಿ, ಪೈಥಾನ್ ಕಡೆಯಿಂದಲೂ ಅಲ್ಲಿಗೇ ಸೀಕ್ ಮಾಡಿಸಬೇಕು. ಸಂಖ್ಯೆಗಳ ಲೆಕ್ಕಕ್ಕೆ ಬಳಸುವ ನಮ್‌ಪೈ ಲೈಬ್ರರಿ ತನ್ನ ಫ್ರಮ್‌ಫೈಲ್, ಟುಫೈಲ್‌ಗೆ ಮಾಡುವುದು ಹೆಚ್ಚುಕಡಿಮೆ ಇದನ್ನೇ, ಆ ಕೋಡ್ ಓದುವುದಕ್ಕೆ ಯೋಗ್ಯ. ಟೆಕ್ಸ್ಟ್ ಮೋಡಿನಲ್ಲಿ ತೆರೆದ ಫೈಲಿಗೆ ಮಾತ್ರ ಇದೂ ನಡೆಯುವುದಿಲ್ಲ. ಅಲ್ಲಿ ಟೆಲ್ ಕೊಡುವ ನಂಬರನ್ನು ಬೈಟ್ ಲೆಕ್ಕ ಅಂತ ನಂಬುವಂತಿಲ್ಲ, ಫಾರ್ ಲೂಪಿನ ನಡುವೆ ಕೇಳಿದರಂತೂ ಅದು ಓಎಸ್‌ಎರರ್ ಕೊಡುತ್ತದೆ.

ಇಷ್ಟೆಲ್ಲ ಮಾಡಿದರೂ ಉಳಿಯುವ ಎರಡು ಸಮಸ್ಯೆ ಇವೆ. ಬೈಟ್ಸ್‌ಐಒ (ಮೆಮೊರಿಯಲ್ಲೇ ಇರುವ, ಫೈಲಿನಂಥ ಆಬ್ಜೆಕ್ಟ್) ಕೊಟ್ಟರೆ ಅದಕ್ಕೆ ಡಿಸ್ಕ್ರಿಪ್ಟರೇ ಇಲ್ಲ, ಎಕ್ಸೆಪ್ಷನ್ ಬರುತ್ತದೆ. ಪರವಾಗಿಲ್ಲ, ಕನಿಷ್ಠ ಗೊತ್ತಾದರೂ ಆಗುತ್ತದೆ. ಜಿಜಿಪ್ (ಒತ್ತಿ ಚಿಕ್ಕದು ಮಾಡಿದ) ಫೈಲ್ ಕೊಟ್ಟರೆ? ಅದರ ಫೈಲ್‌ನೋ ಮೆಥಡ್ ನಗುನಗುತ್ತಾ ಕೆಳಗಿನ ಮೂಲ ಫೈಲಿನ ಡಿಸ್ಕ್ರಿಪ್ಟರನ್ನೇ ಕೊಡುತ್ತದೆ. ನಿಮ್ಮ ಸಿ ಕೋಡ್ ಓದುವುದು ಬಿಚ್ಚಿದ ಡೇಟಾ ಅಲ್ಲ, ಒತ್ತಿಟ್ಟ ಬೈಟುಗಳು. ರೆಕಾರ್ಡಿನಲ್ಲಿ ಯಾವ ಗುರುತೂ ಇಲ್ಲದಿದ್ದರೆ ಕಸವನ್ನೇ ಡೇಟಾ ಅಂತ ಕೊಟ್ಟುಬಿಡುತ್ತದೆ. ನನ್ನ ಮಟ್ಟಿಗೆ ಈ ದಾರಿಯ ಕಥೆ ಇಲ್ಲಿಗೇ ಮುಗಿಯಿತು.

ಮೂರನೆಯದು ತೀರಾ ಸಪ್ಪೆ: ಪೈಆಬ್ಜೆಕ್ಟ್_ಕಾಲ್‌ಮೆಥಡ್ ಬಳಸಿ ಆ ಆಬ್ಜೆಕ್ಟಿನ ರೀಡ್, ರೈಟ್ ಮೆಥಡ್‌ಗಳನ್ನೇ ಕರೆಯುವುದು. ಬೈಟ್ಸ್‌ಐಒ, ಜಿಜಿಪ್, ಯಾರೋ ಕೈಯಾರೆ ಬರೆದ ಕ್ಲಾಸು, ಎಲ್ಲವೂ ನಡೆಯುತ್ತದೆ. ಬಫರ್ ಒಂದೇ, ಯಜಮಾನ ಒಬ್ಬನೇ. ಡಿಸ್ಕ್ ತುಂಬಿದರೆ ರೈಟ್‌ನಲ್ಲೋ ಫ್ಲಶ್ ಹೊತ್ತಿಗೋ ಎಕ್ಸೆಪ್ಷನ್ ರೆಡಿಯಾಗಿಯೇ ಬರುತ್ತದೆ. ಸಿ ಸ್ಟ್ರೀಮಿನಲ್ಲಾದರೆ ಎಫ್‌ರೈಟ್ ಎಲ್ಲ ಸರಿ ಇದೆ ಅಂದು, ಎಫ್‌ಕ್ಲೋಸ್ ಹೊತ್ತಿಗೆ ಬಣ್ಣ ಬಯಲಾಗಬಹುದು. ನಿಧಾನ ಅನ್ನುವ ದೂರು ನಿಜ, ಆದರೆ ಅರ್ಧ ಮಾತ್ರ. ಪ್ರತಿ 16 ಬೈಟ್ ರೆಕಾರ್ಡಿಗೂ ಒಂದು ಮೆಥಡ್ ಕರೆ ಮಾಡಿದರೆ ಖಂಡಿತ ತೆವಳುತ್ತದೆ. ಸಿ ಕಡೆ 64 ಕೆಬಿಯಷ್ಟು ಕೂಡಿಸಿಕೊಂಡು ಒಂದೇ ಸಲ ಬರೆದರೆ ಡಿಸ್ಕ್ರಿಪ್ಟರ್ ದಾರಿಗೂ ಇದಕ್ಕೂ ನನ್ನ ಬಳಕೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಗಮನಿಸಬೇಕಾದ ಒಂದು ವಿಷಯ: ಬಫರ್ ಇಲ್ಲದೆ ತೆರೆದ ಫೈಲಾದರೆ ರೈಟ್ ನೀವು ಕೊಟ್ಟದ್ದಕ್ಕಿಂತ ಕಡಿಮೆ ಬರೆದು ಬರಬಹುದು. ವಾಪಸ್ ಬಂದ ಸಂಖ್ಯೆ ನೋಡಿ ಉಳಿದದ್ದನ್ನು ಮತ್ತೆ ಕೊಡಿ.

ಹಾಗಾದರೆ ಫೈಲ್ ಪಾಯಿಂಟರೇ ಬೇಕು ಅನ್ನುವ ಸಿ ಲೈಬ್ರರಿ ಇದ್ದರೆ? ಮೊದಲು ಅದರ ಹೆಡರ್ ಫೈಲ್ (ಫಂಕ್ಷನ್‌ಗಳ ಪಟ್ಟಿ ಇರುವ ಫೈಲ್) ಪೂರ್ತಿ ಓದಿ. ಲಿಬ್‌ಪಿಎನ್‌ಜಿ ಎಂಬ ಪಿಎನ್‌ಜಿ ಚಿತ್ರಗಳ ಲೈಬ್ರರಿಯ ಉದಾಹರಣೆಗಳಲ್ಲೆಲ್ಲ ಫೈಲ್ ಪಾಯಿಂಟರ್ ಕಾಣುತ್ತದೆ, ಆದರೆ ನಿಮ್ಮದೇ ರೀಡ್ ಫಂಕ್ಷನ್ ಕೊಡುವುದಕ್ಕೂ ಅದರಲ್ಲಿ ಜಾಗ ಇದೆ. ಅದರೊಳಗಿಂದ ಪೈಥಾನ್ ಮೆಥಡ್ ಕರೆದರೆ ಆಯಿತು. ಜಿಐಎಲ್ ಬಿಟ್ಟಿದ್ದರೆ ಮಾತ್ರ ಅಲ್ಲಿ ಮತ್ತೆ ಹಿಡಿಯಬೇಕು. ಹಾಗೆ ಜಾಗ ಇಲ್ಲದಿದ್ದರೆ ಲಿನಕ್ಸಿನ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ ಎಫ್‌ಓಪನ್‌ಕುಕೀ, ಬಿಎಸ್‌ಡಿ ಕಡೆ ಫನ್‌ಓಪನ್ ಇವೆ, ಪೈಥಾನ್ ಆಬ್ಜೆಕ್ಟಿನ ಮೇಲೆಯೇ ಸಿ ಸ್ಟ್ರೀಮ್ ಕಟ್ಟಬಹುದು. ವಿಂಡೋಸ್‌ನಲ್ಲಿ ಇವೆರಡೂ ಇಲ್ಲ. ಮೇಲಾಗಿ ಅಲ್ಲಿ ನಿಮ್ಮ ಡಿಎಲ್‌ಎಲ್ ಬೇರೆ ಸಿ ರನ್‌ಟೈಮ್ ಬಳಸಿದ್ದರೆ ಡಿಸ್ಕ್ರಿಪ್ಟರ್ ನಂಬರಿಗೂ ಅರ್ಥವಿಲ್ಲ. ಅಲ್ಲಿ ನಾನು ಫೈಲ್ ಆಬ್ಜೆಕ್ಟಿನ ಗೋಜಿಗೇ ಹೋಗದೆ ಬಳಸುವವರಿಂದ ಫೈಲಿನ ಪಾತ್ ತೆಗೆದುಕೊಂಡು ಸಿ ಕಡೆಯಿಂದಲೇ ತೆರೆಯುತ್ತೇನೆ.