ಎಪಿಡಿಯೋಲೆಕ್ಸ್: ಗಾಂಜಾ ಗಿಡದಿಂದ ಬಂದ ಮೂರ್ಛೆರೋಗದ ಔಷಧಿ

ಗಾಂಜಾ ಗಿಡದ ಹೆಸರಲ್ಲಿ ಮಾರುವ ಎಣ್ಣೆಗಳು ಹತ್ತಾರು, ಗಟ್ಟಿ ಪುರಾವೆ ಇರುವವು ಬೆರಳೆಣಿಕೆಯಷ್ಟು. ಇದು ಅಂಥದ್ದೊಂದು. ಡ್ರಾವೆ, ಲೆನಾಕ್ಸ್-ಗ್ಯಾಸ್ಟೊ ಎಂಬ ಹಟಮಾರಿ ಮೂರ್ಛೆರೋಗಗಳಿಗೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಇದರಲ್ಲಿ ಇರುವುದು ಸಿಬಿಡಿ (ಕ್ಯಾನಬಿಡಿಯಾಲ್ ಎಂಬ ಗಾಂಜಾ ಗಿಡದ ಅಂಶ), ನಶೆ ಏರುವುದಿಲ್ಲ.

ಎಳ್ಳೆಣ್ಣೆಯಲ್ಲಿ ಕರಗಿಸಿದ, ಸ್ಟ್ರಾಬೆರಿ ರುಚಿಯ ದ್ರವ. ಮಿಲಿಲೀಟರಿಗೆ 100 ಮಿಲಿಗ್ರಾಂ ಸಿಬಿಡಿ. 20 ಕಿಲೊ ತೂಕದ ಮಗುವಿಗೆ ಸಾಮಾನ್ಯವಾಗಿ ಮೊದಲ ವಾರ ದಿನಕ್ಕೆರಡು ಸಲ ಅರ್ಧ ಮಿಲಿಲೀಟರ್, ಆಮೇಲೆ ಒಂದೊಂದು ಮಿಲಿಲೀಟರ್. ಚಮಚ ಬೇಡ, ಸಿರಿಂಜಿನಲ್ಲೇ ಅಳೆಯಿರಿ. ಒಂದು ದಿನ ಖಾಲಿ ಹೊಟ್ಟೆಗೆ, ಇನ್ನೊಂದು ದಿನ ತುಪ್ಪದೂಟದ ಜೊತೆ ಕೊಟ್ಟರೆ ರಕ್ತಕ್ಕೆ ಸೇರುವ ಪ್ರಮಾಣ ಏರುಪೇರಾಗುತ್ತದೆ. ವ್ಯಾಲ್‌ಪ್ರೋಯೇಟ್ ಎಂಬ ಮೂರ್ಛೆರೋಗದ ಔಷಧಿ ಕೂಡ ನಡೆಯುತ್ತಿದ್ದರೆ ಲಿವರ್ ಪರೀಕ್ಷೆ ತಪ್ಪಿಸಲೇಬೇಡಿ. ಕ್ಲೋಬಜಾಮ್ ಎಂಬ ಇನ್ನೊಂದು ಮೂರ್ಛೆರೋಗದ ಔಷಧಿಯ ಜೊತೆಗಾದರೆ ತೂಕಡಿಕೆ ಜಾಸ್ತಿ; ವೈದ್ಯರಿಗೆ ತಿಳಿಸಿ, ನೀವೇ ಡೋಸ್ ಇಳಿಸಬೇಡಿ. ಎಳ್ಳಿನ ಅಲರ್ಜಿ ಇದ್ದವರಿಗೆ ಬೇಡವೇ ಬೇಡ. ತೆರೆದ ಬಾಟಲಿಗೆ 12 ವಾರವಷ್ಟೇ ಆಯಸ್ಸು, ಫ್ರಿಜ್ಜಿನಲ್ಲಿ ಇಡಬಾರದು.