ಮದನಿಕೆ ಎತ್ವ ಕಳೆದುಕೊಂಡ ಮೇಲೆ: ಫೋಟೋ ಜೋಡಿಸಿಡಲು ನಾನು ಬಳಸಿ ನೋಡಿದ ತಂತ್ರಾಂಶಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಡಿಜಿಕ್ಯಾಮ್ ಎಂಬ ಉಚಿತ ತಂತ್ರಾಂಶದ ಪಕ್ಷದವನು. ನಿಷ್ಪಕ್ಷಪಾತವಾದ ಹೋಲಿಕೆ ಬೇಕಾದವರು ಬೇರೆಡೆ ಹುಡುಕಿಕೊಳ್ಳಬಹುದು. ಹಾಸನದಲ್ಲಿ ಮದುವೆ ಫೋಟೋ ತೆಗೆಯುವುದು ನನ್ನ ಅನ್ನ. ಬೇಲೂರು, ಹಳೇಬೀಡು, ದೊಡ್ಡಗದ್ದವಳ್ಳಿ, ಕೋರವಂಗಲ ಎಂದು ಬಿಡುವಾದಾಗಲೆಲ್ಲ ಬೈಕ್ ಹತ್ತಿ ಕಲ್ಲಿನ ಫೋಟೋ ತೆಗೆಯುವುದು ನನ್ನ ಚಪಲ. ಅನ್ನದ ಫೋಟೋಗಳು ಆಲ್ಬಂ ಆಗಿ ಮನೆ ಬಿಟ್ಟು ಹೋಗುತ್ತವೆ. ಚಪಲದವು ಮಾತ್ರ ಡಿಸ್ಕ್ ಮೇಲೆ ಡಿಸ್ಕ್ ತುಂಬುತ್ತ ನನ್ನ ತಲೆಯ ಮೇಲೆಯೇ ಕೂರುತ್ತವೆ.

ಫೋಟೋ ಜೋಡಿಸಿಡುವ ಗೂಗಲ್ ತಂತ್ರಾಂಶ ಪಿಕಾಸಾ ಇದ್ದಷ್ಟು ದಿನ ಯಾವ ಚಿಂತೆಯೂ ಇರಲಿಲ್ಲ. 2016ರಲ್ಲಿ ಗೂಗಲ್ ಅದನ್ನು ನಿಲ್ಲಿಸಿತು. ಆಮೇಲೆ ಗೆಳೆಯನೊಬ್ಬ ಹೇಳಿದನೆಂದು ದುಡ್ಡು ಕೊಟ್ಟು ಒಂದು ತಂತ್ರಾಂಶ ಕೊಂಡೆ. ಅದರ ಹೆಸರು ಬೇಡ. ನೋಡಲು ಚೆಂದ, ಕನ್ನಡದಲ್ಲಿ ಗುರುತುಪದ (ಹುಡುಕಲು ಚಿತ್ರಕ್ಕೆ ಅಂಟಿಸುವ ಹೆಸರು, ಟ್ಯಾಗ್) ಹಾಕಿದರೆ ಲಕ್ಷಣವಾಗಿ ತೋರಿಸುತ್ತಿತ್ತು. ಮೂರು ವರ್ಷ, ಸುಮಾರು ನಾಲ್ಕು ಸಾವಿರ ಚಿತ್ರಗಳಿಗೆ ಕೂತು ಕೂತು ಹೆಸರು ಹಾಕಿದೆ. ಒಂದು ಬೆಳಿಗ್ಗೆ ಲ್ಯಾಪ್‌ಟಾಪಿನ ಡಿಸ್ಕ್ ಸತ್ತಿತು. ಚಿತ್ರಗಳ ಪ್ರತಿ ಬೇರೆ ಡಿಸ್ಕಿನಲ್ಲಿತ್ತು, ಗುರುತುಪದಗಳು ಫೈಲಿನ ಒಳಗೇ ಇವೆ ಎಂಬ ಧೈರ್ಯವೂ ಇತ್ತು.

ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಚಿತ್ರ ಕೇಳುವವರು ಹೆಚ್ಚಾಗಿದ್ದರು. ಡಿಸ್ಕ್ ಹೋದ ವಾರವೇ ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರು ಫೋನ್ ಮಾಡಿ, ‘ಹಳೇಬೀಡಿನ ದಕ್ಷಿಣ ದ್ವಾರದ ದ್ವಾರಪಾಲಕರದ್ದು ಒಂದು ಕಳುಹಿಸಪ್ಪ, ಲೇಖನಕ್ಕೆ ಬೇಕು’ ಎಂದರು. ಹುಡುಕಿದೆ. ಆರುನೂರಕ್ಕೂ ಹೆಚ್ಚು ಚಿತ್ರಗಳು ಬಂದು ನಿಂತವು, ಎಲ್ಲಕ್ಕೂ ಒಂದೇ ಹೆಸರು: ‘ಹಳೇಬೀಡು ಹೊಯ್ಸಳೇಶ್ವರ ದೇ’, ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ. ನಾನು ಬರೆದಿದ್ದು ‘ಹಳೇಬೀಡು ಹೊಯ್ಸಳೇಶ್ವರ ದೇವಸ್ಥಾನ ದಕ್ಷಿಣ ದ್ವಾರ’. ಉತ್ತರ ದ್ವಾರದ್ದೂ ಹಾಗೆಯೇ, ನಂದಿ ಮಂಟಪದ್ದೂ ಹಾಗೆಯೇ. ಬಾಲವೆಲ್ಲ ಕತ್ತರಿಸಿ ಹೋಗಿತ್ತು.

ಯಾಕೆಂದು ತಿಳಿಯಲು ಎರಡು ರಾತ್ರಿ ಹಿಡಿಯಿತು. ಚಿತ್ರದ ಫೈಲಿನೊಳಗೆ ಗುರುತುಪದ ಬರೆದಿಡಲು ಮುಖ್ಯವಾಗಿ ಎರಡು ಜಾಗಗಳಿವೆ. ಒಂದು, ಸುದ್ದಿಸಂಸ್ಥೆಗಳಿಗಾಗಿ 1990ರ ದಶಕದ ಆರಂಭದಲ್ಲಿ ರೂಪುಗೊಂಡ ಐಪಿಟಿಸಿ. ಇನ್ನೊಂದು, 2001ರಲ್ಲಿ ಅಡೋಬಿ ತಂದ ಎಕ್ಸ್‌ಎಂಪಿ. ಹಳೆಯದರಲ್ಲಿ ಒಂದು ಗುರುತುಪದಕ್ಕೆ 64 ಬೈಟ್ ಮಾತ್ರ ಜಾಗ. ಇಂಗ್ಲಿಷಿನಲ್ಲಿ ಅದು 64 ಅಕ್ಷರ, ಧಾರಾಳ. ಕನ್ನಡದಲ್ಲಿ ಒಂದೊಂದು ಚಿಹ್ನೆಗೂ ಮೂರು ಬೈಟ್. ಕೊಂಬು, ದೀರ್ಘ, ಒತ್ತಕ್ಷರದ ಅರ್ಧಚಿಹ್ನೆ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಶ್ವ’ ಒಂದೇ ಒಂಬತ್ತು ಬೈಟ್ ತಿನ್ನುತ್ತದೆ. ನಾನು ಕೊಂಡ ತಂತ್ರಾಂಶ ತನ್ನ ದತ್ತಾಂಶ ಕೋಶದಲ್ಲಿ ಪೂರ್ತಿ ಹೆಸರು ಇಟ್ಟುಕೊಂಡು ಪರದೆಯ ಮೇಲೆ ಅದನ್ನೇ ತೋರಿಸುತ್ತಿತ್ತು. ಫೈಲಿಗೆ ಬರೆಯುವಾಗ ಮಾತ್ರ ಹಳೆಯ ಜಾಗಕ್ಕೆ 64 ಬೈಟ್ ತುರುಕಿ ಉಳಿದದ್ದನ್ನು ಸದ್ದಿಲ್ಲದೆ ಎಸೆಯುತ್ತಿತ್ತು. ಒಂದು ಎಚ್ಚರಿಕೆಯ ಮಾತಾದರೂ ಬೇಡವೇ?

ಹೊಟ್ಟೆ ಉರಿದದ್ದು ಬೇಲೂರಿನ ಚಿತ್ರಗಳನ್ನು ನೋಡಿದಾಗ. ‘ಬೇಲೂರು ಚೆನ್ನಕೇಶವ ಮದನಿಕೆ’ ಎಂಬುದು 65 ಬೈಟ್. ಒಂದೇ ಒಂದು ಬೈಟ್ ಹೆಚ್ಚು! ಕನ್ನಡಿ ಹಿಡಿದವಳು, ಗಿಳಿಯೊಡನೆ ನಿಂತವಳು, ಎಲ್ಲರೂ ಎತ್ವ ಕಳೆದುಕೊಂಡು ‘ಮದನಿಕ’ ಆಗಿದ್ದರು. ಸ್ಟುಡಿಯೋದ ಹುಡುಗ ನೋಡಿ, ‘ಅಣ್ಣಾ, ಇವರು ಯಾರು, ಗಂಡಸರ ಹೆಸರಿನ ಹಾಗಿದೆಯಲ್ಲ’ ಎಂದ. ಅವನಿಗೆ ಬೈದೆ. ತಪ್ಪು ಅವನದಲ್ಲ.

ಹಾಗಾಗಿ ಮುಂದಿನ ಆಷಾಢದಲ್ಲಿ, ಮದುವೆಗಳಿಲ್ಲದ, ಮಳೆ ಬಿಡದ ಆ ತಿಂಗಳಲ್ಲಿ ಕೂತು ಒಂದೊಂದನ್ನೇ ಪರೀಕ್ಷಿಸಿದೆ. ಪರೀಕ್ಷೆ ಒಂದೇ: ಹಳೇಬೀಡಿನ ಉದ್ದನೆಯ ಹೆಸರು ಹಾಕು, ಮುಚ್ಚು, ಅದೇ ಫೈಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆ.

ಫಾಸ್ಟ್‌ಸ್ಟೋನ್ ಈ ಪರೀಕ್ಷೆಗೆ ಕೂರುವ ಅಭ್ಯರ್ಥಿಯೇ ಅಲ್ಲ, ಅದು ನೋಡುವ ತಂತ್ರಾಂಶ. ಆದರೆ ನೋಡುವುದರಲ್ಲಿ ಅದರ ಮುಂದೆ ಯಾವುದೂ ಇಲ್ಲ. ಮೌಸ್ ಒತ್ತಿ ಹಿಡಿದರೆ ಅಲ್ಲಿಯೇ ಭೂತಗನ್ನಡಿ, ವಧುವಿನ ಕಣ್ಣು ತೆರೆದಿದೆಯೋ ಮುಚ್ಚಿದೆಯೋ ತಕ್ಷಣ ಗೊತ್ತಾಗುತ್ತದೆ. ಧಾರೆಯ ಹೊತ್ತಿನ ನಾಲ್ಕು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಮೂರನ್ನು ಬಿಸಾಡಬಹುದು. ಮನೆಬಳಕೆಗೆ ಉಚಿತ, ಅಂಗಡಿ ಇಟ್ಟವರು ದುಡ್ಡು ಕೊಡಬೇಕು. ಒಂದೇ ಸಲ ಕೊಟ್ಟರೆ ಮುಗಿಯುತ್ತದೆ, ಕೊಟ್ಟಿದ್ದೇನೆ.

ಎಕ್ಸ್‌ಎನ್‌ವ್ಯೂ ಎಂಪಿ ಐನೂರಕ್ಕೂ ಹೆಚ್ಚು ಬಗೆಯ ಫೈಲುಗಳನ್ನು ತೆರೆಯುತ್ತದೆ. ನನ್ನ ಬಳಿ ಇರುವುದು ಎರಡೇ ಬಗೆ.

ಲೈಟ್‌ರೂಮ್ ಕ್ಲಾಸಿಕ್ ಬಗ್ಗೆ ನ್ಯಾಯವಾಗಿ ಮಾತನಾಡಬೇಕು. ಬಣ್ಣ ತಿದ್ದುವುದರಲ್ಲಿ ಅದು ದೊಡ್ಡವರ ಮನೆಯ ಮಗಳು. ಉದ್ದನೆಯ ಹೆಸರು ಎಕ್ಸ್‌ಎಂಪಿಗೆ ಪೂರ್ತಿಯಾಗಿ ಹೋಯಿತು. ಆದರೆ ಬರೆದದ್ದೆಲ್ಲ ಮೊದಲು ಸೇರುವುದು ಅದರ ಕ್ಯಾಟಲಾಗಿಗೆ, ಅಂದರೆ ಅದರದೇ ದತ್ತಾಂಶ ಕೋಶಕ್ಕೆ. ಕಂಟ್ರೋಲ್ ಎಸ್ ಒತ್ತಬೇಕು, ಇಲ್ಲವೇ ತಾನಾಗಿಯೇ ಬರೆದುಕೊಳ್ಳಲಿ ಎಂದು ಗುರುತು ಹಾಕಬೇಕು. ಇಲ್ಲದಿದ್ದರೆ ಫೈಲಿನಲ್ಲಿ ಏನೂ ಇರುವುದಿಲ್ಲ. ಒಮ್ಮೆ ಸುಟ್ಟುಕೊಂಡವನಿಗೆ ಇಷ್ಟೇ ಸಾಕು ಬೆವರಲು. ಚಂದಾ ನಿಲ್ಲಿಸಿದರೆ ಚಿತ್ರಗಳನ್ನು ನೋಡಬಹುದು, ಜೋಡಿಸಬಹುದು, ತಿದ್ದುವ ಕೋಣೆಗೆ ಮಾತ್ರ ಬೀಗ. ಆಷಾಢ, ಧನುರ್ಮಾಸಗಳಲ್ಲಿ ಸಂಪಾದನೆಯೇ ಇಲ್ಲದ ನನ್ನಂಥವನಿಗೆ ತಿಂಗಳ ಬಾಡಿಗೆ ಒಗ್ಗುವುದಿಲ್ಲ. ವರ್ಷವಿಡೀ ಕೆಲಸ ಇರುವ ಬೆಂಗಳೂರಿನವರ ಲೆಕ್ಕ ಬೇರೆ.

ಡಿಜಿಕ್ಯಾಮ್ ಮೊದಲ ಸಲ ತೆರೆದಾಗಲೇ ಕೇಳುವ ಪ್ರಶ್ನೆಗಳಲ್ಲಿ ಒಂದು, ‘ಮಾಹಿತಿಯನ್ನು ಫೈಲುಗಳಿಗೆ ಸೇರಿಸಲೇ, ಬೇಡವೇ’ ಎಂಬುದು. ಆ ಒಂದು ಪ್ರಶ್ನೆಗೇ ನಾನು ಸೋತೆ. ಗುರುತುಪದಗಳನ್ನು ಎಲ್ಲಿಂದ ಓದಬೇಕು, ಎಲ್ಲಿಗೆ ಬರೆಯಬೇಕು, ಯಾವುದು ಮೊದಲು ಎಂಬ ಪಟ್ಟಿಯನ್ನೇ ಕೈಗೆ ಕೊಡುತ್ತದೆ. ಐಪಿಟಿಸಿಯ ಮುಂದಿನ ಗುರುತನ್ನು ತೆಗೆದೆ, ಹಳೆಯ ಜಾಗಕ್ಕೆ ಅಲ್ಲಿಗೆ ಶರಣು. ಟ್ಯಾಗುಗಳು ಮರದ ಕೊಂಬೆಗಳ ಹಾಗೆ: ಹಳೇಬೀಡು, ಅದರೊಳಗೆ ಹೊಯ್ಸಳೇಶ್ವರ, ಅದರೊಳಗೆ ದಕ್ಷಿಣ ದ್ವಾರ. ಉದ್ದನೆಯ ಹೆಸರೇ ಬೇಕಿಲ್ಲ. ಅಂಗಡಿಗೂ ಉಚಿತ, ಮನೆಗೂ ಉಚಿತ, ಲಿನಕ್ಸಿನಲ್ಲೂ ನಡೆಯುತ್ತದೆ. ಮುಖ ಗುರುತಿಸುವ ಕೆಲಸವನ್ನೂ ನನ್ನ ಕಂಪ್ಯೂಟರಿನಲ್ಲಿಯೇ ಮಾಡುತ್ತದೆ, ಯಾರದೋ ಮದುವೆಯ ಮುಖಗಳನ್ನು ಎಲ್ಲಿಗೂ ಕಳುಹಿಸಬೇಕಿಲ್ಲ.

ಮೊದಲ ದಿನ ಸಂಗ್ರಹವನ್ನೆಲ್ಲ ಓದಿಕೊಳ್ಳಲು ಒಂದು ರಾತ್ರಿ ಬೇಕು, ಲ್ಯಾಪ್‌ಟಾಪ್ ಹಚ್ಚಿಟ್ಟು ಮಲಗಿ. ಪರದೆಯ ಸುತ್ತ ಇರುವ ಗುಂಡಿಗಳನ್ನು ಕಂಡರೆ ವಿಮಾನದ ಚಾಲಕನ ಕೋಣೆ ನೆನಪಾಗುತ್ತದೆ, ಅರ್ಧವನ್ನು ನಾನು ಇನ್ನೂ ಮುಟ್ಟಿಲ್ಲ. ನಿಜವಾದ ತೊಡಕು ಬೇರೆ. ರಾ ಫೈಲಿನ (ಕ್ಯಾಮೆರಾ ಕೊಡುವ ಕಚ್ಚಾ ಚಿತ್ರ) ಪಕ್ಕದಲ್ಲಿ ಪುಟ್ಟ ಎಕ್ಸ್‌ಎಂಪಿ ಫೈಲ್ ಬರೆಯಲು ಹೇಳಿದಾಗ ಡಿಜಿಕ್ಯಾಮ್ ಮೂಲ ಹೆಸರನ್ನು ಪೂರ್ತಿ ಇಟ್ಟುಕೊಂಡು, ಎನ್‌ಇಎಫ್ ಎಂಬ ರಾ ಫೈಲಿನ ಬಾಲದ ಮುಂದೆ ಎಕ್ಸ್‌ಎಂಪಿ ಎಂದು ಇನ್ನೊಂದು ಬಾಲ ಅಂಟಿಸುತ್ತದೆ. ಲೈಟ್‌ರೂಮಿನ ಪದ್ಧತಿಯಲ್ಲಿ ಮೊದಲ ಬಾಲ ತೆಗೆದು ಎರಡನೆಯದನ್ನು ಹಚ್ಚಬೇಕು. ಲೈಟ್‌ರೂಮಿನಲ್ಲಿ ಆಲ್ಬಂ ಮಾಡಿಕೊಡುವ ಗೆಳೆಯನಿಗೆ, ಆರಿಸಿದ ಚಿತ್ರಗಳಿಗೆ ನಕ್ಷತ್ರ ಹಾಕಿ ಕಳುಹಿಸಿದ ಮದುವೆ, ಅವನಲ್ಲಿ ಒಂದೂ ನಕ್ಷತ್ರವಿಲ್ಲದೆ ತೆರೆದುಕೊಂಡಿತು. ‘ಯಾವುದು ಆರಿಸಿದ್ದೀರಿ ಅಣ್ಣಾ, ಎಲ್ಲವೂ ಒಂದೇ ಹಾಗಿದೆ’ ಎಂದು ಅವನ ಫೋನ್. ಹೊಸ ಆವೃತ್ತಿಗಳಲ್ಲಿ, ವಾಣಿಜ್ಯ ತಂತ್ರಾಂಶಗಳಿಗೆ ಹೊಂದುವಂತೆ ಹೆಸರಿಡು ಎಂಬ ಆಯ್ಕೆ ಇದೆ. ಅದನ್ನು ಹುಡುಕಿ ಗುರುತು ಹಾಕಿದ ಮೇಲೆ ಸರಿಹೋಯಿತು. ನೀವು ಮೊದಲ ದಿನವೇ ಹಾಕಿಬಿಡಿ.

ಈಗ ನನ್ನ ದಾರಿ ಹೀಗಿದೆ: ಮದುವೆ ಮುಗಿಸಿ ಬಂದ ರಾತ್ರಿ ಫಾಸ್ಟ್‌ಸ್ಟೋನಿನಲ್ಲಿ ಕಸ ತೆಗೆಯುತ್ತೇನೆ, ಉಳಿದದ್ದು ಡಿಜಿಕ್ಯಾಮಿಗೆ. ಮದುವೆಯೇ ಮುಖ್ಯ, ಬಣ್ಣ ತಿದ್ದಿ ಬೇಗ ಕೊಡಬೇಕು ಎನ್ನುವವರು ಲೈಟ್‌ರೂಮಿನ ಬಾಡಿಗೆ ಕಟ್ಟಿಕೊಳ್ಳಲಿ, ಕಂಟ್ರೋಲ್ ಎಸ್ ಮರೆಯದಿರಲಿ.

ನಾಲ್ಕು ಸಾವಿರ ಚಿತ್ರಗಳಿಗೆ ಮತ್ತೆ ಹೆಸರು ಹಾಕಿ ಮುಗಿಸುವ ಹೊತ್ತಿಗೆ ಕಾರ್ತಿಕ ಬಂದಿತ್ತು. ದಕ್ಷಿಣ ದ್ವಾರದ ಚಿತ್ರ ಸಿಕ್ಕ ದಿನವೇ ಮೇಷ್ಟ್ರಿಗೆ ಕಳುಹಿಸಿದೆ. ಲೇಖನ ಆಗಲೇ ಅಚ್ಚಾಗಿತ್ತು, ಬೇರೆ ಯಾರೋ ಮೊಬೈಲಿನಲ್ಲಿ ತೆಗೆದ ಚಿತ್ರದ ಜೊತೆ.